17 ಸೀಸನ್, 12 ತಂಡ: ಐಸ್ ಹಾಕಿಯ 'ಜರ್ನಿಮ್ಯಾನ್' ಬದುಕು ಹೇಗಿರುತ್ತೆ ಗೊತ್ತಾ?

2003ರ ಜುಲೈ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಮೈಕ್ ಸಿಲಿಂಜರ್ ಎಂಬ ಐಸ್ ಹಾಕಿ ಆಟಗಾರನ ಮನೆಯಲ್ಲಿ ಎರಡು ತಿಂಗಳ ಹಸುಗೂಸಿತ್ತು. ಅದೇ ಹೊತ್ತಿಗೆ ಅವರ ತಂಡ ಕೊಲಂಬಸ್ ಬ್ಲೂ ಜಾಕೆಟ್ಸ್ ಅವರನ್ನು ಡಲ್ಲಾಸ್ ತಂಡಕ್ಕೆ ಕೊಟ್ಟುಬಿಟ್ಟಿತು. ಡಲ್ಲಾಸ್ ತಂಡವಾದರೂ ಅವರನ್ನು ಇಟ್ಟುಕೊಂಡಿತೇ? ಇಲ್ಲ. ಕೈಗೆ ಬಂದ ಕೂಡಲೇ ಇನ್ನೊಬ್ಬ ಆಟಗಾರನಿಗಾಗಿ ಫೀನಿಕ್ಸ್ ತಂಡಕ್ಕೆ ದಾಟಿಸಿತು. ಸಿಲಿಂಜರ್ ಡಲ್ಲಾಸ್ ಪರ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ.

ಇದು ಅವರಿಗೆ ಹೊಸದೇನೂ ಆಗಿರಲಿಲ್ಲ. ಕೆನಡಾದ ರೆಜೈನಾ ನಗರದ ಸಿಲಿಂಜರ್ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ (ಎನ್‌ಎಚ್‌ಎಲ್) 17 ಸೀಸನ್ ಆಡಿದರು. ಈ ಅವಧಿಯಲ್ಲಿ ಅವರು ತೊಟ್ಟಿದ್ದು 12 ತಂಡಗಳ ಜೆರ್ಸಿ. ಅದು ಲೀಗ್ ದಾಖಲೆ. ಹೆಚ್ಚುಕಡಿಮೆ ಹತ್ತು ಬಾರಿ ಅವರನ್ನು ಒಂದು ತಂಡ ಇನ್ನೊಂದಕ್ಕೆ 'ಟ್ರೇಡ್' ಮಾಡಿತ್ತು.

ಇಂಥ ಆಟಗಾರರನ್ನು ಅಲ್ಲಿ 'ಜರ್ನಿಮ್ಯಾನ್' ಎನ್ನುತ್ತಾರೆ. ಯಾರು ಇವರು? ಇವರ ಸಂಬಳ, ಒಪ್ಪಂದ, ಸಂಸಾರ ಹೇಗೆ ನಡೆಯುತ್ತದೆ? ಇಲ್ಲಿದೆ ವಿವರ.

ಏನಿದು ಜರ್ನಿಮ್ಯಾನ್?

ಊರೂರು ಸುತ್ತುವವನು ಎಂಬ ಅರ್ಥದ ಪದ ಇದು ಎಂದು ಅನ್ನಿಸುವುದು ಸಹಜ. ಆದರೆ ಇದರ ಬೇರು ಪ್ರಯಾಣದಲ್ಲಿಲ್ಲ, ಫ್ರೆಂಚ್ ಭಾಷೆಯಲ್ಲಿ ಒಂದು ದಿನದ ಅವಧಿಯನ್ನು ಸೂಚಿಸುವ 'ಜುರ್ನೆ' ಎಂಬ ಪದದಲ್ಲಿದೆ. ಹಿಂದೆ ಯುರೋಪಿನಲ್ಲಿ ಕಸುಬು ಪೂರ್ತಿ ಕಲಿತಿದ್ದರೂ ಸ್ವಂತ ಅಂಗಡಿ ಹಾಕದೆ, ಬೇರೆಯವರ ಬಳಿ ದಿನಗೂಲಿಗೆ ದುಡಿಯುತ್ತಿದ್ದ ಕುಶಲಕರ್ಮಿಯನ್ನು ಹೀಗೆ ಕರೆಯುತ್ತಿದ್ದರು.

ಕ್ರೀಡೆಯಲ್ಲೂ ಅರ್ಥ ಬಹುತೇಕ ಅದೇ. ಆತ ಸ್ಟಾರ್ ಅಲ್ಲ. ಹಾಗಂತ ಕಳಪೆ ಆಟಗಾರನೂ ಅಲ್ಲ. ಕೆಲಸ ಬಲ್ಲವನು. ಆದರೆ ತಂಡ ಅವನ ಸುತ್ತ ಕಟ್ಟಿದ್ದಲ್ಲ.

ಕ್ರಿಕೆಟ್ ನೋಡುವವರಿಗೆ ಇದು ಅಪರಿಚಿತವಲ್ಲ. ಆಸ್ಟ್ರೇಲಿಯಾದ ಆರನ್ ಫಿಂಚ್ ಐಪಿಎಲ್‌ನಲ್ಲಿ 9 ತಂಡಗಳಿಗೆ ಆಡಿದ್ದಾರೆ. ನಮ್ಮ ರಾಬಿನ್ ಉತ್ತಪ್ಪ ಕರ್ನಾಟಕ ಬಿಟ್ಟ ಮೇಲೆ ದೇಶಿ ಕ್ರಿಕೆಟ್‌ನಲ್ಲಿ ಸೌರಾಷ್ಟ್ರ ಮತ್ತು ಕೇರಳ ತಂಡಗಳಿಗೆ ಆಡಿದರು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಐಪಿಎಲ್ ಟ್ರೇಡ್‌ಗೆ ಆಟಗಾರನ ಒಪ್ಪಿಗೆ ಬೇಕು. ಎನ್‌ಎಚ್‌ಎಲ್‌ನಲ್ಲಿ ಬೇಕಿಲ್ಲ! 'ನನ್ನನ್ನು ಟ್ರೇಡ್ ಮಾಡುವಂತಿಲ್ಲ' ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಂಡವರಿಗೆ ಮಾತ್ರ ವಿನಾಯಿತಿ. ಅಂಥ ಷರತ್ತು ಹಾಕುವ ತಾಕತ್ತು ಹೆಚ್ಚಾಗಿ ಸ್ಟಾರ್‌ಗಳಿಗೇ ಇರುತ್ತದೆ.

ಒಂದೇ ಆಟ, ಮೂರು ಮೆಟ್ಟಿಲು

ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿವೆ. ಪ್ರತಿ ತಂಡಕ್ಕೂ ಅದರ ಕೆಳಗೆ ಅಮೆರಿಕನ್ ಹಾಕಿ ಲೀಗ್‌ನಲ್ಲಿ (ಎಎಚ್‌ಎಲ್) ಒಂದು ಜೋಡಿ ತಂಡವಿದೆ. ಅದಕ್ಕೂ ಕೆಳಗಿನ ಮೆಟ್ಟಿಲು ಇಸಿಎಚ್‌ಎಲ್. ಮೇಲೆ ಯಾರಿಗಾದರೂ ಗಾಯವಾದರೆ ಕೆಳಗಿನಿಂದ ಕರೆ ಬರುತ್ತದೆ. ಗಾಯಾಳು ವಾಪಸ್ ಬಂದರೆ ಕರೆಸಿಕೊಂಡವನು ಮತ್ತೆ ಕೆಳಕ್ಕೆ.

ಒಂದಷ್ಟು ಅನುಭವವಿರುವ ಆಟಗಾರನನ್ನು ಕೆಳಗೆ ಕಳುಹಿಸುವ ಮೊದಲು 'ವೇವರ್ಸ್' ಎಂಬ ನಿಯಮ ಪಾಲಿಸಬೇಕು. ಅಂದರೆ 24 ಗಂಟೆಗಳ ಕಾಲ ಬೇರೆ ಯಾವ ತಂಡ ಬೇಕಾದರೂ ಆತನನ್ನು ಎತ್ತಿಕೊಳ್ಳಬಹುದು. ಯಾರಾದರೂ ಎತ್ತಿಕೊಂಡರೆ ಮರುದಿನವೇ ಹೊಸ ಊರಿಗೆ ವಿಮಾನ ಹತ್ತಬೇಕು. ಯಾರೂ ಕೇಳದಿದ್ದರೆ ಕೆಳಗಿನ ಲೀಗ್‌ನ ಬಸ್ ಹತ್ತಬೇಕು.

ಸಂಬಳದ ಅಂತರ ಎಷ್ಟು?

ಈ ಮೆಟ್ಟಿಲುಗಳ ನಡುವಿನ ಅಂತರ ದೊಡ್ಡದು. 2025-26ರ ಸೀಸನ್‌ನಲ್ಲಿ ಎನ್‌ಎಚ್‌ಎಲ್ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 7.75 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ ಆರೂವರೆ ಕೋಟಿ ರೂಪಾಯಿಗೂ ಹೆಚ್ಚು. ಎಎಚ್‌ಎಲ್‌ನ ಕನಿಷ್ಠ ಸಂಬಳ ಅದರ ಹತ್ತನೇ ಒಂದು ಭಾಗವೂ ಇಲ್ಲ. ಇಸಿಎಚ್‌ಎಲ್‌ನಲ್ಲಿ ವಾರದ ಲೆಕ್ಕದಲ್ಲಿ ಸಂಬಳ. ಸೀಸನ್ ಮುಗಿಯುವವರೆಗೆ ವಾಸಕ್ಕೆ ಮನೆಯನ್ನು ತಂಡವೇ ಕೊಡುತ್ತದೆ.

ಮೇಲೂ ಕೆಳಗೂ ಓಡಾಡುವವರಿಗೆ ಸಾಮಾನ್ಯವಾಗಿ 'ಟೂ-ವೇ' ಒಪ್ಪಂದ ಇರುತ್ತದೆ. ಎನ್‌ಎಚ್‌ಎಲ್‌ನಲ್ಲಿದ್ದಾಗ ಒಂದು ಸಂಬಳ, ಎಎಚ್‌ಎಲ್‌ನಲ್ಲಿದ್ದಾಗ ಇನ್ನೊಂದು. ಎನ್‌ಎಚ್‌ಎಲ್ ಸಂಬಳ ಲೆಕ್ಕ ಹಾಕುವುದು ಎಷ್ಟು ದಿನ ತಂಡದಲ್ಲಿದ್ದರು ಎಂಬುದರ ಮೇಲೆ. ಒಂದು ವಾರ ಹೆಚ್ಚು ಮೇಲಿದ್ದರೆ ಮನೆಯ ಲೆಕ್ಕಾಚಾರವೇ ಬದಲಾಗುತ್ತದೆ. ದಿನಗೂಲಿ ಎಂಬ ಹಳೆಯ ಅರ್ಥ ಇಲ್ಲಿ ಅಕ್ಷರಶಃ ನಿಜ.

61 ಪಂದ್ಯ, ನಾಲ್ಕು ತಂಡ: ರಾಬಿನ್ ಬಾವಾ

ಸಿಲಿಂಜರ್ ಕೊನೆಗೂ ಮೇಲಿನ ಮೆಟ್ಟಿಲಲ್ಲೇ ಸಾವಿರಕ್ಕೂ ಹೆಚ್ಚು ಪಂದ್ಯ ಆಡಿದರು. ಎಲ್ಲರಿಗೂ ಆ ಭಾಗ್ಯವಿಲ್ಲ. ಎನ್‌ಎಚ್‌ಎಲ್‌ನಲ್ಲಿ ಆಡಿದ ಭಾರತೀಯ ಮೂಲದ ಮೊದಲ ಆಟಗಾರ ರಾಬಿನ್ ಬಾವಾ ಅವರ ಕಥೆಯೇ ಇದಕ್ಕೆ ಉದಾಹರಣೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಬೆಳೆದ ಬಾವಾ ಜೂನಿಯರ್ ಮಟ್ಟದ ಕೊನೆಯ ಸೀಸನ್‌ನಲ್ಲಿ ಐವತ್ತಕ್ಕೂ ಹೆಚ್ಚು ಗೋಲು ಹೊಡೆದಿದ್ದರು. ಆದರೂ ಎನ್‌ಎಚ್‌ಎಲ್ ಬಾಗಿಲು ತೆರೆದದ್ದು 1989ರಲ್ಲಿ, ವಾಷಿಂಗ್ಟನ್ ಕ್ಯಾಪಿಟಲ್ಸ್ ಪರ. ಅಲ್ಲಿ ಸಿಕ್ಕಿದ್ದು ಐದೇ ಪಂದ್ಯ. ಆಮೇಲೆ ವ್ಯಾಂಕೋವರ್‌ನಲ್ಲಿ ಎರಡು, ಸ್ಯಾನ್ ಹೋಸೆಯಲ್ಲಿ 42, ಅನಾಹೈಮ್‌ನಲ್ಲಿ 12. ಒಟ್ಟು 61 ಪಂದ್ಯ, 6 ಗೋಲು.

ಗೋಲು ಹೊಡೆಯುತ್ತಿದ್ದ ಹುಡುಗ ದೊಡ್ಡ ಲೀಗ್‌ನಲ್ಲಿ ಮೈಮೇಲೆ ಬಿದ್ದು ಆಡುವ ಒರಟು ಆಟಗಾರನಾಗಿ ಉಳಿಯಬೇಕಾಯಿತು. ಏಕೆಂದರೆ ಖಾಲಿ ಇದ್ದದ್ದು ಆ ಕೆಲಸ. ಉಳಿದ ವರ್ಷಗಳು ಫೋರ್ಟ್ ವೇನ್, ಕಲಮಜೂ, ಮಿಲ್ವಾಕಿಯಂಥ ಊರುಗಳ ಕೆಳ ಹಂತದ ತಂಡಗಳಲ್ಲಿ ಕಳೆದವು. 1999ರಲ್ಲಿ ತಲೆಗೆ ಬಿದ್ದ ಪೆಟ್ಟು ಅವರ ವೃತ್ತಿಜೀವನವನ್ನೇ ಮುಗಿಸಿತು.

61 ಪಂದ್ಯ ಕಡಿಮೆ ಅನ್ನಿಸಬಹುದು. ಆದರೆ ಅವರಿಗಿಂತ ಮುಂಚೆ ಭಾರತೀಯ ಮೂಲದ ಯಾರೊಬ್ಬರೂ ಒಂದು ಪಂದ್ಯವನ್ನೂ ಆಡಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಯುರೋಪ್ ಎಂಬ ಎರಡನೇ ದಾರಿ

ಮೇಲಿನಿಂದ ಕರೆ ಬರುವುದು ನಿಂತಾಗ ಹಲವರು ಅಟ್ಲಾಂಟಿಕ್ ದಾಟುತ್ತಾರೆ. ಜರ್ಮನಿ, ಸ್ವಿಟ್ಜರ್‌ಲೆಂಡ್, ಸ್ವೀಡನ್, ಫಿನ್‌ಲೆಂಡ್, ಆಸ್ಟ್ರಿಯಾ, ಬ್ರಿಟನ್‌ಗಳಲ್ಲಿ ವೃತ್ತಿಪರ ಲೀಗ್‌ಗಳಿವೆ. ಸಂಬಳದ ಜತೆಗೆ ಮನೆ, ಕಾರು ಕೊಡುವುದೂ ಅಲ್ಲಿ ಸಾಮಾನ್ಯ.

ಆದರೆ ಅಲ್ಲೂ ಕುರ್ಚಿ ಗಟ್ಟಿಯಲ್ಲ. ಅನೇಕ ಲೀಗ್‌ಗಳಲ್ಲಿ ವಿದೇಶಿ ಆಟಗಾರರ ಸಂಖ್ಯೆಗೆ ಮಿತಿ ಇದೆ. ಐಪಿಎಲ್‌ನಲ್ಲಿ ಆಡುವ ಹನ್ನೊಂದರಲ್ಲಿ ನಾಲ್ವರು ವಿದೇಶಿಯರು ಇದ್ದ ಹಾಗೆ. ಸ್ವಿಟ್ಜರ್‌ಲೆಂಡ್‌ನ ಮೇಲ್ಮಟ್ಟದ ಲೀಗ್‌ನಲ್ಲೂ ಈ ಮಿತಿ ನಾಲ್ಕೇ ಇತ್ತು, 2022ರಲ್ಲಿ ಆರಕ್ಕೆ ಏರಿತು. ಸ್ಥಳೀಯ ಆಟಗಾರ ಎರಡು ವಾರ ಮಂಕಾದರೆ ಸಹಿಸುತ್ತಾರೆ. ವಿದೇಶಿಯ ಜಾಗಕ್ಕೆ ಮಾತ್ರ ಕೂಡಲೇ ಇನ್ನೊಬ್ಬನನ್ನು ಹುಡುಕಲು ಶುರು ಮಾಡುತ್ತಾರೆ. ಹೀಗಾಗಿ ಅಜ್ಜನೋ ಅಜ್ಜಿಯೋ ಜರ್ಮನಿಯವರಾಗಿದ್ದರೆ ಆ ಕಾಗದಪತ್ರಕ್ಕೆ ಭಾರೀ ಬೆಲೆ. ಜರ್ಮನ್ ಪಾಸ್‌ಪೋರ್ಟ್ ಸಿಕ್ಕರೆ ಅಲ್ಲಿ ವಿದೇಶಿ ಕೋಟಾದ ತಲೆನೋವೇ ಇಲ್ಲ.

ಒಪ್ಪಂದಗಳು ಹೆಚ್ಚಾಗಿ ಒಂದೇ ಸೀಸನ್‌ಗೆ. ಪ್ರತಿ ಬೇಸಿಗೆಯಲ್ಲೂ ಅದೇ ಪ್ರಶ್ನೆ: ಮುಂದಿನ ವರ್ಷ ಯಾವ ಊರು? ಮಕ್ಕಳಿಗೆ ಯಾವ ಭಾಷೆಯ ಶಾಲೆ? ಕೆಲಸಕ್ಕಾಗಿ ಮುಂಬೈ, ಪುಣೆ, ಹೈದರಾಬಾದ್ ಎಂದು ಊರು ಬದಲಿಸಿದ ನಮ್ಮವರಿಗೆ ಈ ಪ್ರಶ್ನೆಗಳನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ತಂಡಗಳಿಗೆ ಇವರು ಏಕೆ ಬೇಕು?

ಸಿಲಿಂಜರ್ ಅವರನ್ನು ಅಷ್ಟು ತಂಡಗಳು ಬಿಟ್ಟುಕೊಟ್ಟವು ಎನ್ನುವುದು ಒಂದು ಮುಖ. ಅಷ್ಟೇ ತಂಡಗಳು ಕೇಳಿ ಪಡೆದವು ಎನ್ನುವುದು ಇನ್ನೊಂದು. ಐಸ್ ಹಾಕಿಯಲ್ಲಿ ತಪ್ಪು ಮಾಡಿದ ಆಟಗಾರ ಕೆಲವು ನಿಮಿಷ ಹೊರಗೆ ಕೂರಬೇಕು. ಆಗ ಒಬ್ಬರು ಕಡಿಮೆಯಿದ್ದರೂ ಗೋಲು ಬಿಟ್ಟುಕೊಡದೆ ಕಾಯುವುದು ಒಂದು ಕಲೆ. ರೆಫ್ರಿ ಬಿಡುವ ಪಕ್‌ಅನ್ನು (ಆಟದಲ್ಲಿ ಬಳಸುವ ರಬ್ಬರ್ ಬಿಲ್ಲೆ) ಎದುರಾಳಿಗಿಂತ ಮೊದಲೇ ಕಸಿಯುವುದು ಇನ್ನೊಂದು. ಸಿಲಿಂಜರ್ ಎರಡರಲ್ಲೂ ಪಳಗಿದ್ದರು. ಸೀಸನ್ ಕೊನೆಯಲ್ಲಿ ಪ್ಲೇಆಫ್ ಕಡೆ ಕಣ್ಣಿಟ್ಟ ತಂಡಗಳಿಗೆ ಬೇಕಾಗುವುದು ಇಂಥವರೇ.

ಅವರ ಅತ್ಯುತ್ತಮ ಸೀಸನ್ ಬಂದದ್ದು ಹನ್ನೆರಡನೇ ತಂಡದಲ್ಲಿ! 2006-07ರಲ್ಲಿ, 35ರ ವಯಸ್ಸಿನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಪರ 26 ಗೋಲು ಹೊಡೆದರು. 2009ರಲ್ಲಿ ಸೊಂಟದ ತೊಂದರೆಯಿಂದ ನಿವೃತ್ತರಾದಾಗ ಅವರ ಖಾತೆಯಲ್ಲಿದ್ದದ್ದು 1,049 ಪಂದ್ಯ, 240 ಗೋಲು.

ಆ ಹಸುಗೂಸು ಏನಾಯಿತು?

ಎರಡು ತಿಂಗಳ ಮಗುವಾಗಿದ್ದಾಗ ಕೊಲಂಬಸ್ ಬಿಡಬೇಕಾಗಿ ಬಂದ ಕೋಲ್ ಸಿಲಿಂಜರ್ ಕೂಡ ಐಸ್ ಹಾಕಿ ಆಟಗಾರರಾದರು. 2021ರ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ, ಮೊದಲ ಸುತ್ತಿನ 12ನೇ ಆಯ್ಕೆಯಾಗಿ ಅವರ ಹೆಸರು ಕೂಗಿದ ತಂಡ ಯಾವುದು ಗೊತ್ತಾ? ಅಪ್ಪನನ್ನು ಅಂದು ಬಿಟ್ಟುಕೊಟ್ಟ ಅದೇ ಕೊಲಂಬಸ್ ಬ್ಲೂ ಜಾಕೆಟ್ಸ್. ಅಪ್ಪನ ಹನ್ನೆರಡು ಊರುಗಳಲ್ಲಿ ಒಂದಾಗಿದ್ದ ಕೊಲಂಬಸ್, ಅಲ್ಲೇ ಹುಟ್ಟಿದ ಮಗನ ವೃತ್ತಿಗೆ ಮೊದಲ ಊರಾಯಿತು.