ಚರ್ಮದ ಆಸನವೋ, ಬಟ್ಟೆಯ ಆಸನವೋ?

ಹೊಸ ಕಾರನ್ನು ಕೊಳ್ಳುವವರ ಮುಂದೆ ಮಾರಾಟಗಾರನು ಇಡುವ ಪ್ರಶ್ನೆಗಳಲ್ಲಿ ಇದೂ ಒಂದು: ಆಸನಗಳಿಗೆ ಬಟ್ಟೆಯ ಹೊದಿಕೆ ಸಾಕೆ, ಚರ್ಮದ್ದು ಬೇಕೆ? ಚರ್ಮಕ್ಕೆ ಬೆಲೆ ಹೆಚ್ಚು. ಆದುದರಿಂದ ಅದೇ ಮೇಲೆಂದು ಬಹುಮಂದಿ ತೀರ್ಮಾನಿಸಿಬಿಡುತ್ತಾರೆ. ಆದರೆ ಮೋಟಾರು ಯುಗದ ಆರಂಭದ ದಶಕಗಳಲ್ಲಿ ರೂಢಿ ಇದಕ್ಕೆ ತದ್ವಿರುದ್ಧವಾಗಿತ್ತು. ಅಂದಿನ ಯೂರೋಪಿನ ಸಿರಿವಂತರ ದೊಡ್ಡ ಗಾಡಿಗಳಲ್ಲಿ ಚಾಲಕನು ಮಳೆ ಗಾಳಿಗಳಿಗೆ ತೆರೆದ ಮುಂಭಾಗದಲ್ಲಿ ಕುಳಿತಿರುತ್ತಿದ್ದನು; ಅವನ ಆಸನ ಚರ್ಮದ್ದು. ಒಡೆಯನು ಹಿಂದಿನ ಮುಚ್ಚಿದ ಕೋಣೆಯಲ್ಲಿ ಒಳ್ಳೆಯ ಉಣ್ಣೆಬಟ್ಟೆಯ ಮೆತ್ತೆಗೆ ಒರಗಿರುತ್ತಿದ್ದನು. ಚರ್ಮವನ್ನು ಆರಿಸುತ್ತಿದ್ದುದು ಅದು ನೀರನ್ನು ತಡೆಯುತ್ತದೆಂದು, ಸುಖಕರವೆಂದಲ್ಲ. ಜಪಾನಿನಲ್ಲಿ ಆ ರೂಢಿ ಪೂರ್ತಿ ಅಳಿದಿಲ್ಲ. ಅಲ್ಲಿನ ಸಾಮ್ರಾಟರಿಗಾಗಿ ಟೊಯೋಟಾ ಕಂಪನಿಯವರು ೨೦೦೬ರಲ್ಲಿ ಸಿದ್ಧಪಡಿಸಿದ ಸೆಂಚುರಿ ರಾಯಲ್ ಗಾಡಿಯಲ್ಲಿ ಹಿಂದಿನ ಆಸನಗಳಿಗೆ ಉಣ್ಣೆಬಟ್ಟೆ, ಚಾಲಕನಿರುವ ಮುಂಭಾಗಕ್ಕೆ ಚರ್ಮ!

ಇದು ಕೇವಲ ಅಭಿರುಚಿಯ ಪ್ರಶ್ನೆಯಾಗಿದ್ದರೆ ವಿಜ್ಞಾನ ಪತ್ರಿಕೆಯಲ್ಲಿ ಚರ್ಚಿಸುವ ಕಾರಣವಿರಲಿಲ್ಲ. ಆದರೆ ನಮ್ಮ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮಗುವನ್ನು ಕೂರಿಸುವಾಗ, ವಯಸ್ಸಾದವರನ್ನು ಐದಾರು ಗಂಟೆ ಪ್ರಯಾಣ ಮಾಡಿಸುವಾಗ, ಆಸನದ ಮೇಲ್ಮೈ ಮೈಗೆ ಏನು ಮಾಡುತ್ತದೆಂಬುದು ಆರೋಗ್ಯದ ಪ್ರಶ್ನೆಯಾಗುತ್ತದೆ. ಅದನ್ನು ನಿರ್ಧರಿಸುವ ನಿಯಮಗಳು ನಮ್ಮ ವಿದ್ಯಾರ್ಥಿಗಳು ತರಗತಿಯಲ್ಲಿ ಓದಿರುವವೇ.

ಮೊದಲು ನಿಂತ ಕಾರನ್ನು ತೆಗೆದುಕೊಳ್ಳೋಣ. ನಡುಹಗಲ ಬಿಸಿಲು ತನಗೆ ಎದುರಾದ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ ೧೦೦೦ ವಾಟ್ ಶಕ್ತಿಯನ್ನು ತರುತ್ತದೆ. ಗಾಜು ಅದರ ಹೆಚ್ಚಿನ ಪಾಲನ್ನು ಒಳಗೆ ಬಿಡುತ್ತದೆ. ಆಸನ ಅದನ್ನು ಹೀರಿ ಬಿಸಿಯಾಗುತ್ತದೆ. ಹಾಗೆ ಬಿಸಿಯಾದ ಆಸನ ಹೊರಸೂಸುವ ಅವಕೆಂಪು ಕಿರಣಗಳ ಅಲೆಯುದ್ದ ಸುಮಾರು ೯ ಮೈಕ್ರಾನುಗಳ ಆಸುಪಾಸಿನದು. ಅಷ್ಟು ಉದ್ದದ ಅಲೆಗಳಿಗೆ ಗಾಜು ಗೋಡೆಯಂತೆ. ಕಾರು ಕಾಯುವುದಕ್ಕೆ ಇದೊಂದೇ ಕಾರಣವೆಂದು ಪಠ್ಯಪುಸ್ತಕಗಳು ಹೇಳುವುದುಂಟು. ಅದು ಅರ್ಧ ಸತ್ಯ. ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ೧೯೦೯ರಲ್ಲಿ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟು ನೋಡಿದನು. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಅವಕೆಂಪು ಕಿರಣಗಳನ್ನು ತಡೆಯದ ಕಲ್ಲುಪ್ಪಿನ ಮುಚ್ಚಳ. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಕಾಯ್ದವು. ಬಿಸಿಯಾದ ಗಾಳಿ ಮೇಲೇರಿ ಹೊರಗೆ ಹೋಗಲಾರದಿರುವುದೇ ಇಲ್ಲಿ ಮುಖ್ಯವಾದ ಸಂಗತಿ. ಹಾಗೆಂದು ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿಟ್ಟರೆ ಸಾಕೆಂದು ನಂಬಬಾರದು. ೨೦೦೫ರಲ್ಲಿ ಪ್ರಕಟವಾದ ಅಮೆರಿಕದ ಅಳತೆಗಳಲ್ಲಿ ಅದರಿಂದ ಹೇಳಿಕೊಳ್ಳುವಂತಹ ಪ್ರಯೋಜನ ಕಾಣಲಿಲ್ಲ.

ಎಷ್ಟು ಕಾಯುತ್ತದೆ? ಅರಿಜೋನಾ ರಾಜ್ಯದ ವಿಶ್ವವಿದ್ಯಾನಿಲಯದವರು ಕಡುಬೇಸಗೆಯಲ್ಲಿ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರುಗಳಲ್ಲಿ ಗಾಳಿಯ ಸರಾಸರಿ ಉಷ್ಣತೆ ೪೭ ಡಿಗ್ರಿ ಸೆಂಟಿಗ್ರೇಡ್, ಆಸನದ್ದು ೫೧, ಸ್ಟೀರಿಂಗ್ ಚಕ್ರದ್ದು ೫೩, ಡ್ಯಾಶ್‌ಬೋರ್ಡಿನದು ೬೯. ನೆರಳಿನಲ್ಲಿ ನಿಂತ ಕಾರಿನ ಆಸನ ಸುಮಾರು ೪೧. ಡ್ಯಾಶ್‌ಬೋರ್ಡಿನ ವಿಶೇಷವೇನು? ಬಿಸಿಲು ಅದರ ಮೇಲೆ ನೇರವಾಗಿ ಬೀಳುತ್ತದೆ, ಸಾಮಾನ್ಯವಾಗಿ ಅದರ ಬಣ್ಣವೂ ಕಪ್ಪು. ಕಪ್ಪು ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಹೀರುತ್ತದೆ. ತಿಳಿಯಾದ ಕೆನೆಬಣ್ಣದ ಮೇಲ್ಮೈ ಅದರ ಅರ್ಧವನ್ನೂ ಹೀರದು. ಆದುದರಿಂದ ಚರ್ಮವೋ ಬಟ್ಟೆಯೋ ಎಂದು ಕೇಳುವುದಕ್ಕೆ ಮೊದಲು ಯಾವ ಬಣ್ಣ ಎಂದು ಕೇಳಬೇಕು. ಕಪ್ಪು ಬಟ್ಟೆಗೂ ಕಪ್ಪು ಚರ್ಮಕ್ಕೂ ಬಿಸಿಲಿನಲ್ಲಿ ಏರುವ ಉಷ್ಣತೆಯಲ್ಲಿ ಅಂತರ ಅಷ್ಟಿಲ್ಲ.

ಹಾಗಿದ್ದರೂ ಚರ್ಮ ಸುಡುತ್ತದೆ, ಬಟ್ಟೆ ಅಷ್ಟಾಗಿ ಸುಡುವುದಿಲ್ಲವೆಂಬುದು ಎಲ್ಲರ ಅನುಭವ. ಇದು ಹೇಗೆ? ಚಳಿಗಾಲದ ಬೆಳಗ್ಗೆ ತರಗತಿಯ ಬೆಂಚಿನ ಹಲಗೆಯನ್ನೂ ಅದರ ಕಬ್ಬಿಣದ ಕಾಲನ್ನೂ ಮುಟ್ಟಿ ನೋಡಿ. ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿದ್ದ ಅವೆರಡರ ಉಷ್ಣತೆಯೂ ಒಂದೇ. ಆದರೂ ಕಬ್ಬಿಣ ಕೊರೆಯುತ್ತದೆ. ನಮ್ಮ ತೊಗಲಿಗೆ ಗೊತ್ತಾಗುವುದು ಮುಟ್ಟಿದ ವಸ್ತುವಿನ ಉಷ್ಣತೆಯಲ್ಲ. ಮುಟ್ಟಿದ ಮೇಲೆ ತನ್ನ ಉಷ್ಣತೆ ಎಷ್ಟಾಯಿತೆಂಬುದು. ಬೇರೆ ಬೇರೆ ಉಷ್ಣತೆಯ ಎರಡು ವಸ್ತುಗಳು ತಾಗಿದ ಕ್ಷಣದಲ್ಲಿ ಅವುಗಳ ನಡುವಿನ ಮೇಲ್ಮೈ ಒಂದು ಮಧ್ಯದ ಉಷ್ಣತೆಗೆ ಬರುತ್ತದೆ. ಅದು ಯಾರ ಕಡೆಗೆ ವಾಲುತ್ತದೆಂಬುದನ್ನು ನಿರ್ಣಯಿಸುವುದು ಪ್ರತಿಯೊಂದು ವಸ್ತುವಿನ ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಈ ಮೂರರ ಗುಣಲಬ್ಧದ ವರ್ಗಮೂಲ. ಅನುಕೂಲಕ್ಕಾಗಿ ಇದನ್ನು ‘ಸ್ಪರ್ಶಾಂಕ’ ಎಂದು ಕರೆಯೋಣ. ಯಾವುದರ ಸ್ಪರ್ಶಾಂಕ ದೊಡ್ಡದೋ ಅದರ ಮಾತೇ ನಡೆಯುತ್ತದೆ.

ಸ್ಥೂಲವಾಗಿ ಮನುಷ್ಯನ ತೊಗಲಿನ ಸ್ಪರ್ಶಾಂಕವನ್ನು ೧೦ ಎಂದಿಟ್ಟುಕೊಂಡರೆ ಆಸನದ ಚರ್ಮದ್ದು ೪, ಸಡಿಲವಾಗಿ ನೇಯ್ದ ಬಟ್ಟೆಯದು ೧, ಉಕ್ಕಿನದು ೧೦೦ರ ಸುತ್ತಮುತ್ತ. ಬಟ್ಟೆಯದು ಅಷ್ಟು ಕಡಮೆಯಾಗಲು ಕಾರಣ ಅದರ ನೂಲುಗಳ ನಡುವೆ ಸಿಕ್ಕಿಕೊಂಡಿರುವ ಗಾಳಿ. ಈಗ ಕಿಟಕಿಯಿಂದ ನೇರ ಬಿಸಿಲು ಬಿದ್ದು ಕಪ್ಪು ಆಸನವೊಂದು ೭೦ ಡಿಗ್ರಿಗೆ ಏರಿದೆಯೆಂದೂ, ಅದನ್ನು ಮುಟ್ಟುವ ತೊಗಲು ೩೪ ಡಿಗ್ರಿಯಲ್ಲಿದೆಯೆಂದೂ ಭಾವಿಸೋಣ. ಚರ್ಮವಾದರೆ ೩೪ನ್ನು ೧೦ರಿಂದ, ೭೦ನ್ನು ೪ರಿಂದ ಗುಣಿಸಿ ಕೂಡಿಸಬೇಕು, ಮೊತ್ತ ೬೨೦. ಅದನ್ನು ೧೪ರಿಂದ ಭಾಗಿಸಿದರೆ ೪೪ ಡಿಗ್ರಿ ಬರುತ್ತದೆ. ಬಟ್ಟೆಗೆ ಇದೇ ಲೆಕ್ಕದಲ್ಲಿ ೩೭ ಡಿಗ್ರಿ. ಸೀಟ್ ಬೆಲ್ಟಿನ ಉಕ್ಕಿನ ಕೊಂಡಿಯೂ ಅಷ್ಟೇ ಕಾಯ್ದಿದ್ದರೆ ೬೭ ಡಿಗ್ರಿ.

ಈ ಮೂರು ಸಂಖ್ಯೆಗಳನ್ನು ಚೆನ್ನಾಗಿ ಗಮನಿಸಬೇಕು. ತೊಗಲಿನಲ್ಲಿ ನೋವು ಆರಂಭವಾಗುವುದು ಸುಮಾರು ೪೪ ಡಿಗ್ರಿಯಲ್ಲಿ. ಬಟ್ಟೆ ಜ್ವರದ ಮೈಯನ್ನು ಮುಟ್ಟಿದಷ್ಟು ಬಿಸಿಯೆನಿಸಿದರೆ, ಚರ್ಮ ನೋವಿನ ಹೊಸ್ತಿಲಿಗೆ ತಂದು ನಿಲ್ಲಿಸುತ್ತದೆ. ಇನ್ನು ಕೊಂಡಿಯ ವಿಷಯ. ಮೊರಿಟ್ಸ್ ಮತ್ತು ಹೆನ್ರಿಕ್ವೆಸ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ೧೯೪೭ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದ ಪ್ರಕಾರ ೪೪ ಡಿಗ್ರಿಯಲ್ಲಿ ತೊಗಲಿಗೆ ಸುಟ್ಟಗಾಯವಾಗಲು ಸುಮಾರು ೬ ಗಂಟೆ ಬೇಕು. ೬೦ ಡಿಗ್ರಿಯಲ್ಲಾದರೋ ೫ ಸೆಕೆಂಡು ಸಾಕು. ಕೊಂಡಿ ಚಿಕ್ಕದು, ಅದರಲ್ಲಿರುವ ಶಾಖದ ದಾಸ್ತಾನೂ ಚಿಕ್ಕದೆಂಬುದು ನಿಜ. ಆದರೆ ಚಡ್ಡಿ ತೊಟ್ಟ ಮಗುವಿನ ಬರಿತೊಡೆಗೆ ತಾಗಿದ ಕೊಂಡಿ ಗುರುತು ಮೂಡಿಸುವುದಕ್ಕೆ ಅಷ್ಟೇ ಸಾಕು. ಶಿಶುವಿನ ತೊಗಲು ನಮ್ಮದಕ್ಕಿಂತ ತೆಳುವು. ಚರ್ಮ, ಬಟ್ಟೆಗಳ ವಾದದಲ್ಲಿ ಮುಳುಗಿದ ತಂದೆತಾಯಿಗಳು ಮಗುವನ್ನು ಕೂರಿಸುವ ಮೊದಲು ಕೊಂಡಿಯನ್ನು ತಮ್ಮ ಕೈಯಿಂದ ಮುಟ್ಟಿ ನೋಡುವುದನ್ನು ಮರೆಯದಿರಲಿ.

ಮೇಲಿನ ಲೆಕ್ಕಕ್ಕೆ ಒಂದು ಮಿತಿಯಿದೆ. ಅದು ಎರಡೂ ವಸ್ತುಗಳು ಬಹಳ ದಪ್ಪವಾಗಿವೆಯೆಂದು ಭಾವಿಸುತ್ತದೆ. ಆಸನದ ಚರ್ಮವಾದರೋ ಸುಮಾರು ಒಂದು ಮಿಲಿಮೀಟರ್ ದಪ್ಪ. ಶಾಖವು ಅಷ್ಟು ದಪ್ಪವನ್ನು ದಾಟಲು ಹತ್ತು ಸೆಕೆಂಡುಗಳ ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಹಾಳೆಯ ಶಾಖ ಬಹುಪಾಲು ಮುಗಿದು, ಮುಂದಿನದನ್ನು ಅದರ ಅಡಿಯಲ್ಲಿರುವ ಫೋಮ್ ನಿರ್ಧರಿಸುತ್ತದೆ. ಫೋಮ್ ಎಂದರೆ ಬಹುತೇಕ ಗಾಳಿಯೇ. ಎಂದರೆ, ಸುಡುವ ವಿಷಯದಲ್ಲಿ ಚರ್ಮಕ್ಕೂ ಬಟ್ಟೆಗೂ ಇರುವ ದೊಡ್ಡ ಅಂತರ ಕುಳಿತ ಮೊದಲ ಅರ್ಧ ನಿಮಿಷದ್ದು. ಆ ಅರ್ಧ ನಿಮಿಷಕ್ಕೆ ಒಂದು ಟವಲು ಹಾಸಿದರೂ ಪರಿಹಾರವಾಯಿತು. ಧೋತರ, ಸೀರೆ, ಷರಾಯಿಗಳೂ ಟವಲಿನ ಕೆಲಸವನ್ನೇ ಮಾಡುತ್ತವೆ.

ಆಮೇಲಿನ ಐದು ಗಂಟೆಗಳ ಪ್ರಯಾಣದಲ್ಲಿ ಮುಖ್ಯವಾಗುವುದು ಬೆವರು. ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು ೧೦೦ ವಾಟ್ ಶಾಖವನ್ನು ಹೊರಗೆ ಹಾಕುತ್ತಲೇ ಇರಬೇಕು. ಸುತ್ತಲಿನ ಗಾಳಿ ಮೈಗಿಂತ ಬಿಸಿಯಾಗಿದ್ದಾಗ ಇದಕ್ಕೆ ಬಾಷ್ಪೀಕರಣವೊಂದೇ ದಾರಿ. ಒಂದು ಗ್ರಾಂ ಬೆವರು ಆವಿಯಾದರೆ ಸುಮಾರು ೨೪೦೦ ಜೌಲ್ ಶಾಖ ಅದರೊಡನೆ ಹೋಗುತ್ತದೆ. ಗಂಟೆಗೆ ೧೫೦ ಗ್ರಾಂ ಆವಿಯಾದರೆ ಲೆಕ್ಕ ಸರಿಯಾಯಿತು. ಆವಿಯಾಗುವ ವೇಗ ಮೈಯ ಮೇಲಿನ ಆವಿಯ ಒತ್ತಡಕ್ಕೂ ಗಾಳಿಯಲ್ಲಿನ ಆವಿಯ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು ಅವಲಂಬಿಸಿದೆ. ೩೫ ಡಿಗ್ರಿಯ ಒದ್ದೆ ತೊಗಲಿನ ಮೇಲೆ ಅದು ೪೨ ಮಿಲಿಮೀಟರ್ ಪಾದರಸದಷ್ಟು. ರಾಯಚೂರಿನ ಬೇಸಗೆಯ ಮಧ್ಯಾಹ್ನ ೪೦ ಡಿಗ್ರಿ ಸೆಕೆಯಲ್ಲಿ ಸಾಪೇಕ್ಷ ಆರ್ದ್ರತೆ ನೂರಕ್ಕೆ ೨೦ ಇದ್ದರೆ ಗಾಳಿಯಲ್ಲಿ ಅದು ೧೧ ಮಿಲಿಮೀಟರ್, ವ್ಯತ್ಯಾಸ ೩೧. ಮಂಗಳೂರಿನಲ್ಲಿ ೩೨ ಡಿಗ್ರಿ ಸೆಕೆ, ೭೦ರ ಆರ್ದ್ರತೆ ಇದ್ದರೆ ಅದು ೨೫. ವ್ಯತ್ಯಾಸ ೧೭ ಮಾತ್ರ. ಕರಾವಳಿಯವರು ಸೆಕೆಯನ್ನು ಶಪಿಸುವುದು ಸುಮ್ಮನೆ ಅಲ್ಲ.

ಹವಾನಿಯಂತ್ರಣ ಯಂತ್ರವಿರುವಾಗ ಇದೆಲ್ಲ ಏಕೆ ಎಂದು ವಾಚಕರು ಕೇಳಬಹುದು. ಯಂತ್ರದ ತಂಪು ಗಾಳಿ ಮುಖಕ್ಕೆ, ಎದೆಗೆ, ತೋಳಿಗೆ ತಗಲುತ್ತದೆ. ಆಸನಕ್ಕೆ ಒತ್ತಿಕೊಂಡ ಬೆನ್ನಿಗೂ ತೊಡೆಗೂ ತಗಲುವುದಿಲ್ಲ. ಅಲ್ಲಿನ ಆವಿ ಹೊರಗೆ ಹೋಗಬೇಕಾದರೆ ಆಸನದ ಮೂಲಕವೇ ಹೋಗಬೇಕು. ನೇಯ್ದ ಬಟ್ಟೆಯಲ್ಲಿ ಅದಕ್ಕೆ ಲಕ್ಷಾಂತರ ಸಂದುಗಳುಂಟು. ಹದಮಾಡಿದ ನಿಜವಾದ ಚರ್ಮವೂ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ಜಾಲವೇ ಆದುದರಿಂದ ಸ್ವಭಾವತಃ ಆವಿಯನ್ನು ಹೀರಿ ಆಚೆ ಬಿಡಬಲ್ಲುದು. ಚಪ್ಪಲಿ ಬೂಟುಗಳಿಗೆ ಅದು ಸಹ್ಯವಾಗಿರುವುದು ಈ ಗುಣದಿಂದಲೇ. ಆದರೆ ಕಾರಿನ ಚರ್ಮ ಬಿಸಿಲನ್ನೂ ವರ್ಷಗಟ್ಟಲೆ ಉಜ್ಜುವಿಕೆಯನ್ನೂ ತಾಳಬೇಕು. ಅದಕ್ಕಾಗಿ ಅದರ ಮೇಲೆ ಬಣ್ಣ ಮತ್ತು ಪಾಲಿಯುರೆಥೇನ್ ಲೇಪವನ್ನು ಕೊಡುತ್ತಾರೆ. ಬಾಳಿಕೆ ಹೆಚ್ಚುತ್ತದೆ, ಉಸಿರಾಟ ಕುಗ್ಗುತ್ತದೆ. ಈ ಕೊರತೆಯನ್ನು ನೀಗಲು ಚರ್ಮದಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ಒಳಗೆ ಪುಟ್ಟ ಪಂಖವನ್ನಿಟ್ಟು ಗಾಳಿಯಾಡಿಸುವ ಉಪಾಯವನ್ನು ಸ್ವೀಡನ್ನಿನ ಸಾಬ್ ಕಂಪನಿಯವರು ೧೯೯೭ರಲ್ಲಿ ತಮ್ಮ ೯-೫ ಮಾದರಿಯೊಡನೆ ಬಳಕೆಗೆ ತಂದರು. ಇಂದು ನಮ್ಮಲ್ಲಿಯೂ ಅಂತಹ ಆಸನಗಳು ದೊರೆಯುತ್ತವೆ. ಹಣವನ್ನು ಹೆಚ್ಚಾಗಿ ಕೊಡುವುದೇ ಆದರೆ ಬರಿಯ ಚರ್ಮಕ್ಕೆ ಕೊಡುವುದಕ್ಕಿಂತ ಈ ಪಂಖಕ್ಕೆ ಕೊಡುವುದು ವಿವೇಕವೆಂದು ನನ್ನ ಮತ.

ಆದರೆ ಮಾರಾಟಗಾರನು ಚರ್ಮವೆಂದು ತೋರಿಸುವುದು ಚರ್ಮವೇ ಆಗಿರಬೇಕೆಂದಿಲ್ಲ. ಬಹಳ ಕಾರುಗಳಲ್ಲಿ ಅದು ಬಟ್ಟೆಯ ಮೇಲೆ ಪಿ.ವಿ.ಸಿ. ಅಥವಾ ಪಾಲಿಯುರೆಥೇನ್ ಲೇಪಿಸಿದ ಕೃತಕ ವಸ್ತು. ನಮ್ಮ ಜನ ಸಾರಾಸಗಟಾಗಿ ರೆಕ್ಸಿನ್ ಎನ್ನುವುದು ಇಂಥದನ್ನೇ. ಹಿಂಬದಿಯನ್ನೋ ಕತ್ತರಿಸಿದ ಅಂಚನ್ನೋ ನೋಡಿದರೆ ಗುರುತು ಸಿಕ್ಕುತ್ತದೆ: ನಿಜವಾದ ಚರ್ಮದಲ್ಲಿ ಗೊತ್ತುಗುರಿಯಿಲ್ಲದೆ ಹೆಣೆದುಕೊಂಡ ನಾರುಗಳು, ಕೃತಕದಲ್ಲಿ ಒಪ್ಪವಾದ ನೇಯ್ಗೆ. ಪಿ.ವಿ.ಸಿ. ಲೇಪದಲ್ಲಿ ಆವಿ ಹಾಯುವುದೇ ಇಲ್ಲವೆನ್ನಬೇಕು. ಒರೆಸಿದರೆ ಶುಚಿಯಾಗುತ್ತದೆ, ಹಾಲು ಚೆಲ್ಲುವ ಮಕ್ಕಳಿರುವ ಮನೆಗೆ ಅನುಕೂಲ, ಬೆನ್ನಿಗಂತೂ ಅಲ್ಲ.

ಬಟ್ಟೆಯ ವಿಷಯದಲ್ಲಿಯೂ ಮರುಳಾಗಬಾರದು. ಸಾಧಾರಣ ಆರ್ದ್ರತೆಯಲ್ಲಿ ಉಣ್ಣೆ ತನ್ನ ತೂಕದ ನೂರಕ್ಕೆ ೧೬ರಷ್ಟು ನೀರನ್ನು ಹೀರಿಕೊಂಡಿರುತ್ತದೆ. ಹತ್ತಿ ಸುಮಾರು ೮ರಷ್ಟು. ಇಂದಿನ ಕಾರುಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಪಾಲಿಯೆಸ್ಟರ್ ೦.೪ ಮಾತ್ರ. ಪಾಲಿಯೆಸ್ಟರ್ ನೂಲು ನೀರನ್ನು ಕುಡಿಯುವುದಿಲ್ಲ. ನೂಲುಗಳ ನಡುವಿನ ಸಂದುಗಳಲ್ಲಿ ಕೇಶಾಕರ್ಷಣೆಯಿಂದ ಅದನ್ನು ಹರಡುತ್ತದೆ, ಅಷ್ಟೆ. ಹರಡಿದ ನೀರು ಬೇಗ ಆರುತ್ತದೆಂಬುದು ಅದರ ಪರವಾದ ಮಾತು.

ಒಣಹವೆಯಲ್ಲಿ ಪಾಲಿಯೆಸ್ಟರಿಗೆ ಇನ್ನೊಂದು ಚಾಳಿಯುಂಟು. ಬೀದರ, ಕಲಬುರಗಿಗಳ ಚಳಿಗಾಲದಲ್ಲಿ ಆಸನದಿಂದ ಜಾರಿ ಇಳಿದು ಬಾಗಿಲಿಗೆ ಕೈಯಿಟ್ಟೊಡನೆ ಚುರ್ ಎನ್ನುವುದು ಘರ್ಷಣೆಯಿಂದ ಹುಟ್ಟಿದ ಸ್ಥಿರ ವಿದ್ಯುತ್ತು. ವೋಲ್ಟೇಜು ಸಾವಿರಗಳಲ್ಲಿದ್ದರೂ ವಿದ್ಯುದಂಶ ಅತ್ಯಲ್ಪವಾದುದರಿಂದ ಅಪಾಯವಿಲ್ಲ. ಬಾಗಿಲಿನ ಲೋಹವನ್ನು ಹಿಡಿದುಕೊಂಡೇ ಇಳಿದರೆ ಅದು ಕಾಣಿಸದು. ಪೆಟ್ರೋಲ್ ತುಂಬಿಸುತ್ತಿರುವಾಗ ಮಾತ್ರ ಗಾಡಿಯಿಂದ ಹತ್ತಿ ಇಳಿದು ಮಾಡುವುದು ಬೇಡ. ಪೆಟ್ರೋಲಿನ ಆವಿಗೆ ಅಂತಹ ಕಿಡಿ ಸಾಕು.

ಮಡಿಕೇರಿಯಂತಹ ತಂಪು ಊರಿನವರಿಗೆ ಸ್ಪರ್ಶಾಂಕದ ಲೆಕ್ಕ ತಿರುಗಿ ಬೀಳುತ್ತದೆ: ಬೆಳಗಿನಲ್ಲಿ ಚರ್ಮ ಕೊರೆಯುತ್ತದೆ, ಬಟ್ಟೆ ಬೆಚ್ಚಗಿರುತ್ತದೆ. ಎಂದರೆ ಅಲ್ಲಿಯೂ ಬಟ್ಟೆಗೇ ಜಯ. ನಮ್ಮ ನಾಡಿನ ಮಟ್ಟಿಗೆ, ಕಾರು ನೆರಳಿನಲ್ಲಿ ನಿಲ್ಲುವ ಭಾಗ್ಯವಿಲ್ಲದಿದ್ದರೆ, ತಿಳಿಬಣ್ಣದ ಬಟ್ಟೆಯನ್ನೇ ನಾನು ಆರಿಸುವೆನು. ಕೊಳೆ ಬೇಗ ಕಾಣಿಸುತ್ತದೆಂಬ ದೂರನ್ನು ಒಪ್ಪಿಕೊಂಡೇ.

ಕೊನೆಗೆ, ಬಟ್ಟೆಯ ಆಸನವಿರುವ ಕಾರನ್ನು ಕೊಂಡು, ಮಾರನೆಯ ದಿನವೇ ಪೇಟೆಯ ಅಂಗಡಿಯಲ್ಲಿ ಅದರ ಮೇಲೆ ಬಿಗಿಯಾದ ರೆಕ್ಸಿನ್ ಕವರು ಹೊಲಿಸುವವರ ವಿಷಯ. ಇವರು ಬಟ್ಟೆಯ ಗುಣವನ್ನೆಲ್ಲ ಹಣ ಕೊಟ್ಟು ಮುಚ್ಚಿಸಿಕೊಂಡಂತಾಯಿತು. ಅದಕ್ಕಿಂತ ಗಂಭೀರವಾದುದು ಬೇರೆ ಇದೆ. ಈಗಿನ ಅನೇಕ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಮುಂದಿನ ಆಸನದ ಬೆನ್ನಿನೊಳಗೇ ಅಡಗಿರುತ್ತದೆ. ಪಕ್ಕದಿಂದ ಡಿಕ್ಕಿಯಾದಾಗ ಅದು ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ, ಬಾಗಿಲ ಕಡೆಯ ಹೊಲಿಗೆಯನ್ನು ಬಿಚ್ಚಿಕೊಂಡು ಹೊರಬರಬೇಕು. ಕಾರ್ಖಾನೆಯವರು ಆ ಹೊಲಿಗೆಯನ್ನು ಬೇಕೆಂದೇ ದುರ್ಬಲವಾಗಿ ಹಾಕಿರುತ್ತಾರೆ. ಅದರ ಮೇಲೆ ಗಟ್ಟಿಯಾದ ಕವರನ್ನು ಸುತ್ತಿದರೆ ಏರ್‌ಬ್ಯಾಗ್ ತಡವಾಗಿ ಅಥವಾ ತಪ್ಪಿದ ದಿಕ್ಕಿಗೆ ಬಿಚ್ಚಿಕೊಳ್ಳಬಹುದು. ಆಸನದ ಬೆನ್ನಿನ ಹೊರಬದಿಯಲ್ಲಿ ಏರ್‌ಬ್ಯಾಗ್ ಎಂದು ಬರೆದ ಚಿಕ್ಕ ಪಟ್ಟಿ ಹೊಲಿದಿದ್ದರೆ, ಕವರಿನ ಅಂಗಡಿಗೆ ಹೋಗುವ ಮೊದಲು ಕಾರಿನೊಡನೆ ಕೊಟ್ಟ ಕೈಪಿಡಿಯನ್ನು ತೆರೆದು ಆ ಭಾಗವನ್ನು ಓದಬೇಕು.