ತಾರಾಲೋಕದ ಆಟದಲ್ಲಿ ಅಪರಿಚಿತನ ಭೇಟಿ

ಬಳಗಾನೂರಿನ ಸುತ್ತಣ ಕಪ್ಪು ನೆಲದ ಹೊಲಗಳ ನಡುವೆ ಕಾಲುದಾರಿ ಹಿಡಿದು ಬರುವ ದಾರಿಹೋಕನು ಎದುರಿನಿಂದ ಬರುವವನನ್ನು ಬಹು ದೂರದಿಂದಲೇ ಕಾಣುತ್ತಾನೆ. ಬಯಲುಸೀಮೆಯ ಗುಣವೇ ಅಂಥದು. ಇಬ್ಬರೂ ಸಮೀಪಿಸುವ ಹೊತ್ತಿಗೆ ಒಬ್ಬರ ನಡಿಗೆ, ಉಡುಗೆ, ತಲೆಯ ಮೇಲಿನ ಗಂಟು ಇವುಗಳನ್ನೆಲ್ಲ ಮತ್ತೊಬ್ಬರು ಅಳೆದು ನೋಡಿರುತ್ತಾರೆ. ಎದುರುಬದುರಾದಾಗ “ಯಾವ ಊರ್ರೀ? ಎಲ್ಲಿಗೆ ಹೊಂಟೀರಿ?” ಎಂಬ ಪ್ರಶ್ನೆ ತಾನಾಗಿಯೇ ಹೊರಡುತ್ತದೆ. ಆ ಎರಡು ಮಾತುಗಳಲ್ಲಿ ಕುಶಲ ಪ್ರಶ್ನೆಯೂ ಇದೆ, ಎಚ್ಚರಿಕೆಯೂ ಇದೆ. ಅಪರಿಚಿತನನ್ನು ಎದುರುಗೊಳ್ಳುವ ಈ ವಿದ್ಯೆಯನ್ನು ಯಾವ ಪಠ್ಯಪುಸ್ತಕವೂ ಕಲಿಸಲಿಲ್ಲ; ಹಿರಿಯರ ಬೆನ್ನ ಹಿಂದೆ ನಡೆಯುತ್ತ ಮಕ್ಕಳು ಅದನ್ನು ಕಲಿತರು.

ಇಂದಿನ ಮಕ್ಕಳಲ್ಲಿ ಅನೇಕರು ಅಪರಿಚಿತರನ್ನು ಮೊದಲು ಎದುರುಗೊಳ್ಳುವುದು ಹೊಲದ ದಾರಿಯಲ್ಲಲ್ಲ, ಗಣಕಯಂತ್ರದ ಅಥವಾ ಮೊಬೈಲಿನ ಪರದೆಯ ಮೇಲೆ. ಅಲ್ಲಿ ನಡಿಗೆ ಕಾಣದು, ಮುಖ ಕಾಣದು, ಜೊತೆಗೆ ಹಿರಿಯರೂ ಇಲ್ಲ. ಅಂತರ್ಜಾಲದಲ್ಲಿ ಆಡುವ ಆಟಗಳಲ್ಲೆಲ್ಲ ಇಂಥ ಭೇಟಿಗಳು ನಡೆಯುತ್ತವೆಯಾದರೂ ಅಂತರಿಕ್ಷಯಾನದ ಆಟಗಳಲ್ಲಿ ಅವುಗಳ ಸ್ವರೂಪ ಅತ್ಯಂತ ಸ್ಪಷ್ಟವಾಗಿ ತೋರುತ್ತದೆ. ಏಕೆಂದರೆ ಅಲ್ಲಿಯ ಬಯಲು ಅಪಾರ, ಜನ ವಿರಳ. ಈ ಆಟಗಳ ರೀತಿಯನ್ನೂ, ಅವು ಆಡುವವನ ಮುಂದೆ ಇಡುವ ನೈತಿಕ ಪ್ರಶ್ನೆಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಟಗಳು ಬೆಳೆದು ಬಂದ ಬಗೆ

ಗಣಕಯಂತ್ರದ ಅತ್ಯಂತ ಹಳೆಯ ಆಟಗಳಲ್ಲಿ ಒಂದಾದ ‘ಸ್ಪೇಸ್‌ವಾರ್’ 1962ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಸಿದ್ಧವಾಯಿತು. ಎರಡು ನೌಕೆಗಳು ಒಂದು ನಕ್ಷತ್ರದ ಆಕರ್ಷಣೆಗೆ ಸಿಲುಕದೆ ಪರಸ್ಪರ ಗುಂಡು ಹಾರಿಸುವ ಆಟವದು. ಆಡುವವರಿಬ್ಬರೂ ಒಂದೇ ಕೋಣೆಯಲ್ಲಿ, ಭುಜಕ್ಕೆ ಭುಜ ತಾಗುವಂತೆ ಕುಳಿತಿರುತ್ತಿದ್ದರು. 1984ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ತರುಣರಿಬ್ಬರು ‘ಎಲೈಟ್’ ಎಂಬ ಆಟವನ್ನು ರಚಿಸಿದರು. ಎಂಟು ತಾರಾಸಮೂಹಗಳು, ಒಂದೊಂದರಲ್ಲಿ 256 ಲೋಕಗಳು. ಅವುಗಳ ನಡುವೆ ಸರಕು ಕೊಂಡು ಮಾರುತ್ತ ಅಲೆಯುವುದೇ ಆಟ. ಆದರೆ ಅಷ್ಟು ಲೋಕಗಳಲ್ಲಿಯೂ ಮನುಷ್ಯನು ಒಬ್ಬನೇ; ಎದುರಾಗುವ ಕಳ್ಳನೂ ಪೊಲೀಸನೂ ಯಂತ್ರದ ಲೆಕ್ಕಾಚಾರದ ಬೊಂಬೆಗಳು.

ದೂರದ ತಂತಿಗಳ ಮೂಲಕ ಮನುಷ್ಯರು ಒಂದೇ ಕಲ್ಪಿತ ಲೋಕವನ್ನು ಪ್ರವೇಶಿಸುವ ಪದ್ಧತಿ 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಇವರ ‘ಮಡ್’ ಎಂಬ ಆಟದಲ್ಲಿ ಕಂಡುಬಂದಿತು. ಅದು ಚಿತ್ರಗಳಿಲ್ಲದ, ಬರಿಯ ಅಕ್ಷರಗಳ ಆಟ. ಈ ಎರಡು ಧಾರೆಗಳೂ ಮುಂದೆ ಕೂಡಿಕೊಂಡವು. 2003ರಲ್ಲಿ ಐಸ್‌ಲೆಂಡಿನ ಸಂಸ್ಥೆಯೊಂದು ‘ಈವ್ ಆನ್‌ಲೈನ್’ ಆಟವನ್ನು ಹೊರತಂದಿತು. 2014ರ ಡಿಸೆಂಬರಿನಲ್ಲಿ ಬ್ರೇಬೆನ್ ಅವರ ಸಂಸ್ಥೆಯೇ ‘ಎಲೈಟ್ ಡೇಂಜರಸ್’ ಎಂಬ ಹೊಸ ಆಟವನ್ನು ಪ್ರಕಟಿಸಿತು. ಅದರಲ್ಲಿ ನಮ್ಮ ಆಕಾಶಗಂಗೆಯನ್ನೇ ಅದರ ನಿಜವಾದ ಗಾತ್ರದಲ್ಲಿ, ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳೊಡನೆ ಕಲ್ಪಿಸಲಾಗಿದೆ. ವರ್ಷಗಟ್ಟಲೆ ಆಡಿದ ಆಟಗಾರರೆಲ್ಲ ಸೇರಿಯೂ ಅದರಲ್ಲಿ ನೂರಕ್ಕೆ ಒಂದು ಪಾಲನ್ನು ನೋಡಿ ಮುಗಿಸಿಲ್ಲ. ಇಂಥ ಶೂನ್ಯದಲ್ಲಿ ಮತ್ತೊಬ್ಬ ಮನುಷ್ಯನು ಎದುರಾಗುವುದು ಸಣ್ಣ ಸಂಗತಿಯಲ್ಲ.

ಭೇಟಿಯ ಕಷ್ಟ

ನಿಜವಾದ ಅಂತರಿಕ್ಷದಲ್ಲಿ ಎರಡು ನೌಕೆಗಳನ್ನು ಕೂಡಿಸುವುದು ಎಷ್ಟು ದುಸ್ತರವೆಂಬುದನ್ನು ಭಾರತೀಯ ಅಂತರಿಕ್ಷ ಸಂಶೋಧನಾ ಸಂಸ್ಥೆ ಅನುಭವದಿಂದ ಅರಿತಿದೆ. 2024ರ ಡಿಸೆಂಬರ್ 30ರಂದು ಹಾರಿಸಿದ, ತಲಾ ಸುಮಾರು 220 ಕಿಲೋ ತೂಕದ ‘ಸ್ಪೇಡೆಕ್ಸ್’ ಉಪಗ್ರಹಗಳೆರಡು 2025ರ ಜನವರಿ 16ರಂದು ಒಂದಾದವು. ಅದಕ್ಕೂ ಮುನ್ನ, ಜನವರಿ 12ರ ಪರೀಕ್ಷೆಯಲ್ಲಿ ಅವುಗಳನ್ನು ಪರಸ್ಪರ 15 ಮೀಟರಿನವರೆಗೆ, ಬಳಿಕ 3 ಮೀಟರಿನವರೆಗೆ ತಂದು ಮತ್ತೆ ದೂರ ಸರಿಸಲಾಗಿತ್ತು. ಅಲ್ಲಿ ವಿಜ್ಞಾನಿಗಳಿಗಿದ್ದ ಅನುಕೂಲವೆಂದರೆ ಎರಡೂ ನೌಕೆಗಳ ಒಡೆತನ ಒಂದೇ. ಒಂದು ಏನು ಮಾಡುವುದೆಂಬುದು ಇನ್ನೊಂದನ್ನು ನಡೆಸುವವರಿಗೆ ತಿಳಿದಿತ್ತು. ಆಟದಲ್ಲಿ ಯಂತ್ರವಿದ್ಯೆಯ ಕಷ್ಟ ಕಡಿಮೆ. ಆದರೆ ಎದುರಿನ ನೌಕೆಯನ್ನು ನಡೆಸುವ ಮನಸ್ಸು ಬೇರೆಯವರದು. ಅಲ್ಲಿಯ ಕಷ್ಟವೆಲ್ಲ ಅದೇ.

ಆಟದೊಳಗಿನ ಭೇಟಿಗೆ ತನ್ನದೇ ಆದ ತಾಂತ್ರಿಕ ತೊಡಕುಗಳೂ ಉಂಟು. 2016ರ ಆಗಸ್ಟಿನಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಎಂಬ ಆಟ ಬಿಡುಗಡೆಯಾದಾಗ, ಲೆಕ್ಕವಿಡಲಾಗದಷ್ಟು ಗ್ರಹಗಳಿದ್ದ ಆ ಲೋಕದಲ್ಲಿ ಇಬ್ಬರು ಆಟಗಾರರು ಮಾತನಾಡಿಕೊಂಡು ಒಂದೇ ಗ್ರಹದ ಒಂದೇ ಸ್ಥಳಕ್ಕೆ ಬಂದು ನಿಂತರು. ಆದರೆ ಒಬ್ಬರಿಗೊಬ್ಬರು ಕಾಣಿಸಲಿಲ್ಲ! ಇಬ್ಬರ ಯಂತ್ರಗಳೂ ಒಂದೇ ಲೋಕವನ್ನು ಬೇರೆ ಬೇರೆಯಾಗಿ ಚಿತ್ರಿಸುತ್ತಿದ್ದವೇ ಹೊರತು ಒಬ್ಬರ ಇರವನ್ನು ಇನ್ನೊಬ್ಬರಿಗೆ ತಿಳಿಸುವ ಏರ್ಪಾಟು ಇರಲಿಲ್ಲ. 2018ರ ಜುಲೈನಲ್ಲಿ ಆಟವನ್ನು ಪರಿಷ್ಕರಿಸಿದ ಮೇಲೆ ಆಟಗಾರರು ಪರಸ್ಪರ ಕಾಣುವಂತಾಯಿತು.

ಈವ್ ಆಟದಲ್ಲಿ ಕಷ್ಟ ಇದಕ್ಕೆ ವಿರುದ್ಧವಾದುದು. ಅಲ್ಲಿ ಸಾವಿರಾರು ಜನ ಒಂದೆಡೆ ನೆರೆದಾಗ ಕೇಂದ್ರದ ಯಂತ್ರಕ್ಕೆ ಎಲ್ಲರ ಆಜ್ಞೆಗಳನ್ನೂ ನಡೆಸಿಕೊಡಲು ಸಾಧ್ಯವಾಗುವುದಿಲ್ಲ. ಆಗ ಆ ಭಾಗದಲ್ಲಿ ಕಾಲವನ್ನೇ ನಿಧಾನಗೊಳಿಸುತ್ತಾರೆ. ಸಹಜ ವೇಗದ ಹತ್ತನೆಯ ಒಂದು ಪಾಲಿಗೆ ಅದು ಇಳಿಯಬಹುದು. 2014ರ ಜನವರಿ 27 ಮತ್ತು 28ರಂದು ನಡೆದ ಪ್ರಸಿದ್ಧ ಕದನವೊಂದರಲ್ಲಿ 7,500ಕ್ಕೂ ಹೆಚ್ಚು ಆಟಗಾರರು ಪಾಲ್ಗೊಂಡರು; ಸುಮಾರು 21 ಗಂಟೆಗಳ ಕಾಲ ಹೋರಾಟ ನಡೆಯಿತು. ಅದರ ಮೂಲ ಕಾರಣ ಮಾತ್ರ ಅತಿ ಸಾಮಾನ್ಯವಾದುದು: ಒಂದು ನೆಲೆಯ ನಿರ್ವಹಣಾ ಶುಲ್ಕ ಸಕಾಲಕ್ಕೆ ಪಾವತಿಯಾಗಿರಲಿಲ್ಲ!

ಗುರುತು ಮತ್ತು ವಂದನೆ

ಎದುರಿಗೆ ಬಂದುದು ಮನುಷ್ಯನೋ ಯಂತ್ರದ ಬೊಂಬೆಯೋ ಎಂದು ಅರಿಯುವುದು ಹೇಗೆ? ಎಲೈಟ್ ಡೇಂಜರಸ್ ಆಟದ ನೌಕೆಯಲ್ಲಿ ಸುತ್ತಲಿನ ನೌಕೆಗಳನ್ನು ತೋರಿಸುವ ಫಲಕವೊಂದಿದೆ. ಯಂತ್ರ ನಡೆಸುವ ನೌಕೆಗಳ ಗುರುತು ಅದರಲ್ಲಿ ತುಂಬಿದಂತೆಯೂ, ಮನುಷ್ಯರ ನೌಕೆಗಳ ಗುರುತು ಒಳಗೆ ಟೊಳ್ಳಾಗಿಯೂ ಕಾಣುತ್ತದೆ. ಗಂಟೆಗಟ್ಟಲೆ ಒಂಟಿಯಾಗಿ ಸಾಗಿದವನ ಫಲಕದಲ್ಲಿ ಅಂಥದೊಂದು ಟೊಳ್ಳು ಗುರುತು ಮೂಡಿದರೆ ಅವನ ಎದೆಬಡಿತ ಹೆಚ್ಚುತ್ತದೆ. ಬೊಂಬೆಯ ನಡತೆಯನ್ನು ನಾಲ್ಕು ದಿನ ಆಡಿದವನು ಊಹಿಸಬಲ್ಲ. ಮನುಷ್ಯನ ನಡತೆಯನ್ನು ಊಹಿಸುವುದು ಕಠಿಣ.

ಇಂಥ ಸಮಯದಲ್ಲಿ ಈ ಆಟಗಳಲ್ಲಿ ಒಂದು ವಂದನೆಯ ಪದ್ಧತಿ ರೂಢಿಗೆ ಬಂದಿದೆ. ರೋಮನ್ ಲಿಪಿಯ ‘ಓ’ ಅಕ್ಷರವನ್ನೂ ಅದರ ಮುಂದೆ 7ರ ಅಂಕಿಯನ್ನೂ ಬರೆದು ಕಳುಹಿಸುತ್ತಾರೆ. ಅಕ್ಷರವು ತಲೆ, ಅಂಕಿಯು ಹಣೆಗೆ ಎತ್ತಿದ ಕೈ. ಎರಡೂ ಕೂಡಿದರೆ ಸೈನಿಕನ ಸಲಾಮು. ಭಾಷೆ ತಿಳಿಯದ ಪರದೇಶಿಗೂ ಅದು ಅರ್ಥವಾಗುತ್ತದೆ. ಯಾರ ಗೊಡವೆಯೂ ಬೇಡವೆನ್ನುವವನಿಗೆ ಒಂಟಿಯಾಗಿ ಆಡುವ, ಅಥವಾ ಪರಿಚಿತರ ಗುಂಪಿನೊಳಗೆ ಮಾತ್ರ ಆಡುವ ಅವಕಾಶವೂ ಆ ಆಟದಲ್ಲಿದೆ. ಆದುದರಿಂದ ಎಲ್ಲರಿಗೂ ತೆರೆದ ಬಯಲಿಗೆ ಬಂದವನು ಅಪರಿಚಿತನ ಭೇಟಿಯನ್ನು ತಾನೇ ಆರಿಸಿಕೊಂಡು ಬಂದವನು.

ದರೋಡೆಯೂ ನೆರವೂ

ಕಲ್ಪಿತ ಲೋಕಗಳಿಗೆ ಬರುವವರ ಮನೋಧರ್ಮವನ್ನು ಬಾರ್ಟಲ್ ಅವರು 1996ರ ಪ್ರಬಂಧವೊಂದರಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸಿ, ಇಸ್ಪೀಟಿನ ನಾಲ್ಕು ರಂಗುಗಳಿಗೆ ಹೋಲಿಸಿದರು. ಗಳಿಸಲು ಬರುವವರು, ಹುಡುಕಲು ಬರುವವರು, ಜನರೊಡನೆ ಬೆರೆಯಲು ಬರುವವರು ಮತ್ತು ಅನ್ಯರನ್ನು ಪೀಡಿಸಲು ಬರುವವರು. ಅಂತರಿಕ್ಷದ ಆಟಗಳಲ್ಲಿ ಈ ನಾಲ್ವರೂ ಎದುರಾಗುತ್ತಾರೆ.

ಈವ್ ಆಟದ ಸುರಕ್ಷಿತ ಭಾಗಗಳಲ್ಲಿ ಕಾರಣವಿಲ್ಲದೆ ಮೇಲೆ ಬಿದ್ದವನ ನೌಕೆಯನ್ನು ಯಂತ್ರದ ರಕ್ಷಕದಳ ನಾಶಮಾಡುತ್ತದೆ. ಆದರೆ ಆ ದಳ ಶಿಕ್ಷಿಸುತ್ತದೆಯೇ ಹೊರತು ಕಾಪಾಡುವುದಿಲ್ಲ; ಅದು ಬರುವಷ್ಟರಲ್ಲಿ ನಷ್ಟ ಸಂಭವಿಸಿರಬಹುದು. ಹೊರ ಭಾಗಗಳಲ್ಲಿ ಆ ದಳವೂ ಇಲ್ಲ. 2005ರಲ್ಲಿ ಒಂದು ಗುಂಪಿನವರು ಎದುರಾಳಿಯ ಸಂಘವನ್ನು ಸೇರಿ, ಹಲವು ತಿಂಗಳು ವಿಶ್ವಾಸದಿಂದ ದುಡಿದಂತೆ ನಟಿಸಿ, ಒಂದು ದಿನ ಅದರ ನಾಯಕಿಯ ನೌಕೆಯನ್ನು ಕೆಡವಿ ಉಗ್ರಾಣಗಳನ್ನು ಬರಿದುಮಾಡಿದರು. ಆಟದ ನಿಯಮ ಅದನ್ನು ತಡೆಯಲಿಲ್ಲ. ನಿಯಮ ತಡೆಯದುದೆಲ್ಲ ಸರಿಯೆಂದು ತಿಳಿಯುವವರಿಗೆ ಅದೊಂದು ಜಾಣತನವಾಗಿ ಕಂಡಿತು. ನಂಬಿ ಜೊತೆಗೂಡಿದವರ ಪಾಲಿಗೆ ಅದು ದ್ರೋಹವೇ ಆಗಿತ್ತು.

ಇದಕ್ಕೆ ಎದುರಾಗಿ ನಿಲ್ಲುವ ನಿದರ್ಶನವೂ ಉಂಟು. ಎಲೈಟ್ ಡೇಂಜರಸ್ ಆಟದಲ್ಲಿ ನೌಕೆಗಳು ಕೆಲವು ಬಗೆಯ ನಕ್ಷತ್ರಗಳಿಂದ ಮಾತ್ರ ಇಂಧನವನ್ನು ತುಂಬಿಕೊಳ್ಳಬಲ್ಲವು. ಲೆಕ್ಕ ತಪ್ಪಿ, ಇಂಧನ ದೊರೆಯದ ಕಡೆ ಸಿಲುಕಿದವನ ನೌಕೆ ನಿಶ್ಚಲವಾಗುತ್ತದೆ; ಉಸಿರಿನ ಗಾಳಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅಂಥವರಿಗಾಗಿ 2015ರಲ್ಲಿ ಕೆಲವು ಆಟಗಾರರು ‘ಫ್ಯುಯೆಲ್ ರ‍್ಯಾಟ್ಸ್’, ಎಂದರೆ ಇಂಧನದ ಇಲಿಗಳು, ಎಂಬ ಹೆಸರಿನ ಸ್ವಯಂಸೇವಕ ದಳವನ್ನು ಕಟ್ಟಿದರು. ಕರೆ ಬಂದೊಡನೆ ಅವರು ಮೊದಲು ಕೇಳುವುದು ಗಾಳಿಯ ಗಡಿಯಾರ ಓಡುತ್ತಿದೆಯೇ ಎಂದು. ಓಡುತ್ತಿದ್ದರೆ ಆಟದಿಂದ ತಕ್ಷಣ ಹೊರಬಂದು ಕಾಯುವಂತೆ ತಿಳಿಸುತ್ತಾರೆ. ನೆರವಿನ ನೌಕೆಗಳು ಸಮೀಪಕ್ಕೆ ಬಂದ ಮೇಲೆ ಅವನನ್ನು ಮತ್ತೆ ಒಳಗೆ ಕರೆದು, ಸಣ್ಣ ಯಂತ್ರವಾಹಕಗಳ ಮೂಲಕ ಇಂಧನ ಮುಟ್ಟಿಸುತ್ತಾರೆ. ಇದಕ್ಕೆ ಹಣ ಪಡೆಯುವುದಿಲ್ಲ. ಸಿಲುಕಿದವನು ಯಾವ ದೇಶದವನು, ಯಾರ ಪಕ್ಷದವನು ಎಂದು ವಿಚಾರಿಸುವುದಿಲ್ಲ. ಹೀಗೆ ಪಾರಾದವರ ಸಂಖ್ಯೆ ಹತ್ತಾರು ಸಾವಿರ. ಹಸಿದು ಬಂದವನ ಕುಲಗೋತ್ರ ಕೇಳದೆ ಎಲೆ ಹಾಕುವ ದಾಸೋಹವನ್ನು ಬಲ್ಲ ಓದುಗರಿಗೆ ಈ ನಡತೆಯ ಬೆಲೆ ವಿವರಿಸಬೇಕಾದುದಿಲ್ಲ.

ಗಮನಿಸಬೇಕಾದ ಅಂಶವೆಂದರೆ, ದ್ರೋಹ ಮಾಡಿದವರನ್ನೂ ಇಂಧನ ಹೊತ್ತವರನ್ನೂ ಆಟದ ನಿಯಮ ಹಾಗೆ ಮಾಡೆಂದು ಬಲವಂತಪಡಿಸಲಿಲ್ಲ. ಇಬ್ಬರೂ ತಮ್ಮ ಇಚ್ಛೆಯಿಂದಲೇ ಹಾಗೆ ನಡೆದರು.

ಹೆಸರಿನ ಹಿಂದಿನ ಮನುಷ್ಯ

ಈ ಲೋಕಗಳಲ್ಲಿ ಎಲ್ಲರೂ ತಾವೇ ಇಟ್ಟುಕೊಂಡ ಹೆಸರುಗಳಿಂದ ವ್ಯವಹರಿಸುತ್ತಾರೆ. ಈವ್ ಆಟದಲ್ಲಿ ‘ವೈಲ್ ರ‍್ಯಾಟ್’ ಎಂಬ ಹೆಸರಿನ ಆಟಗಾರನೊಬ್ಬ ಒಂದು ದೊಡ್ಡ ಒಕ್ಕೂಟದ ರಾಯಭಾರಿಯಾಗಿ, ಶತ್ರುಗಳೊಡನೆಯೂ ಸಂಧಾನ ನಡೆಸುವ ಚತುರನೆಂದು ಖ್ಯಾತನಾಗಿದ್ದ. 2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ರಾಯಭಾರ ನೆಲೆಯ ಮೇಲೆ ದಾಳಿ ನಡೆದು ನಾಲ್ವರು ಅಮೆರಿಕನ್ನರು ಮಡಿದರು. ಅವರಲ್ಲೊಬ್ಬರು ವಿದೇಶಾಂಗ ಸೇವೆಯ ಅಧಿಕಾರಿ ಶಾನ್ ಸ್ಮಿತ್. ವೈಲ್ ರ‍್ಯಾಟ್ ಅವರೇ ಆಗಿದ್ದರು. ಸುದ್ದಿ ತಿಳಿದ ಆಟಗಾರರು, ಅವರ ವಿರುದ್ಧ ಹೋರಾಡಿದ್ದವರೂ ಸೇರಿ, ಆಟದೊಳಗಿನ ನೂರಾರು ಠಾಣೆಗಳಿಗೆ ಅವರ ಹೆಸರಿಟ್ಟರು. ಅವರ ಪತ್ನಿ ಮತ್ತು ಮಕ್ಕಳಿಗಾಗಿ ಒಂದು ಲಕ್ಷ ಡಾಲರಿಗೂ ಹೆಚ್ಚಿನ ಹಣ ಕೂಡಿತು. ಪರದೆಯ ಮೇಲೆ ಒಂದು ಗುರುತಾಗಿ ಚಲಿಸುತ್ತಿದ್ದವನಿಗೆ ಮನೆಯಿತ್ತು, ಮಕ್ಕಳಿದ್ದರು ಎಂಬುದು ಅನೇಕರಿಗೆ ಅಂದು ಮನದಟ್ಟಾಯಿತು.

ಹೆಸರಿನ ಹಿಂದೆ ಮನುಷ್ಯನನ್ನು ಕಂಡುಕೊಂಡ ಪ್ರಸಂಗ ಬಳಗಾನೂರಿನ ಸೀಮೆಗೆ ಹೊಸದಲ್ಲ. ದೇಶದ ನಾನಾ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದ ಮಾತನಾಡುವ ಅರಸನನ್ನು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಅಶೋಕನೆಂದು ಗುರುತಿಸಿದ್ದರೂ, ಶಿಲೆಯ ಸಾಕ್ಷ್ಯ ಬಹುಕಾಲ ದೊರೆತಿರಲಿಲ್ಲ. 1915ರಲ್ಲಿ ಸಮೀಪದ ಮಸ್ಕಿಯ ಬೆಟ್ಟದಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೇ ಮೊದಲ ಬಾರಿಗೆ ಕಂಡಿತು. ಬಿರುದಿನ ಮರೆಯಲ್ಲಿದ್ದ ವ್ಯಕ್ತಿ ಹೆಸರಿನಿಂದ ಹೊರಬಂದ. ಮಸ್ಕಿಯ ಬಂಡೆಯನ್ನು ನೋಡಲು ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಅಲ್ಲಿ ಈ ಮಾತನ್ನೂ ನೆನಪಿಸಬಹುದು.

ಹಿರಿಯರ ಹೊಣೆ

ಆಟವಾಡುವ ಮಗುವನ್ನು ಕುರಿತು ಮನೆಯಲ್ಲಿಯೂ ಶಾಲೆಯಲ್ಲಿಯೂ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಎಷ್ಟು ಹೊತ್ತು ಆಡಿದೆ? ಅದು ಅವಶ್ಯವಾದ ಪ್ರಶ್ನೆಯೇ ಸರಿ. ಇಂಗ್ಲೆಂಡಿನ ಸಂಗಡಿಗರು ರಾತ್ರಿ ಎಂಟಕ್ಕೆ ಸೇರೋಣವೆಂದರೆ ಇಲ್ಲಿ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಮರುದಿನದ ಪಾಠ ನಿದ್ರೆಯ ಪಾಲು. ಹಣ ಒಡ್ಡುವ ಆಟವೇ ಎಂದು ವಿಚಾರಿಸುವುದೂ ಅವಶ್ಯ. ಹಣ ಪಣವಾಗಿಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಶಾಸನ ನಿಷೇಧಿಸಿದೆ. ಆದರೆ ಇಷ್ಟು ಕೇಳಿದರೆ ಸಾಲದು. ಅಲ್ಲಿ ಯಾರು ಸಿಕ್ಕರು? ಅವರೊಡನೆ ನೀನು ಹೇಗೆ ನಡೆದುಕೊಂಡೆ? ನಿನ್ನ ಬಗ್ಗೆ ಅವರಿಗೆ ಏನು ಹೇಳಿದೆ? ಈ ಮೂರನ್ನೂ ಕೇಳಬೇಕು.

ಮೂರನೆಯ ಪ್ರಶ್ನೆ ಮಗುವಿನ ರಕ್ಷಣೆಗೆ. ನಿಜವಾದ ಹೆಸರು, ಊರು, ಶಾಲೆ, ದೂರವಾಣಿ ಸಂಖ್ಯೆ, ಗುಪ್ತಪದ ಇವುಗಳನ್ನು ಆಟದ ಗೆಳೆಯನಿಗೆ ತಿಳಿಸಬಾರದೆಂಬುದನ್ನೂ, ಯಾರಾದರೂ ಗುಟ್ಟಾಗಿಡು ಎಂದರೆ ಅದನ್ನೇ ಮೊದಲು ಮನೆಯವರಿಗೆ ಹೇಳಬೇಕೆಂಬುದನ್ನೂ ಕಲಿಸಬೇಕು. ಹೇಳಿದ ಮಗುವನ್ನು ಗದರಿಸಿದರೆ ಅದು ಮತ್ತೊಮ್ಮೆ ಹೇಳಲಾರದು. ಎರಡನೆಯ ಪ್ರಶ್ನೆ ಮಗುವಿನ ಶೀಲಕ್ಕೆ ಸಂಬಂಧಿಸಿದ್ದು. ದುರ್ಬಲನ ನೌಕೆಯನ್ನು ಒಡೆದು ನಕ್ಕ ಹುಡುಗನಿಗೆ ಆಟ ದಂಡ ವಿಧಿಸದಿರಬಹುದು. ಆದರೆ ದಂಡವಿಲ್ಲದ ಕಡೆ ನಡೆದುಕೊಂಡ ರೀತಿಯೇ ಅಭ್ಯಾಸವಾಗಿ ಉಳಿಯುತ್ತದೆ.

ಹೊಲದ ದಾರಿಯಲ್ಲಿ ಮಗುವಿನ ಮುಂದೆ ಹಿರಿಯರೊಬ್ಬರು ನಡೆಯುತ್ತಿದ್ದರು. ಎದುರಾದವರೊಡನೆ ಅವರು ಆಡಿದ ಮಾತನ್ನು ಕೇಳಿ ಮಗು ಕಲಿಯುತ್ತಿತ್ತು. ಪರದೆಯ ಮುಂದೆಯೂ ಒಮ್ಮೊಮ್ಮೆ ಮಗುವಿನ ಪಕ್ಕದಲ್ಲಿ ಕುಳಿತು, ಆ ಟೊಳ್ಳು ಗುರುತು ಯಾರದೆಂದು ಕೇಳುವ ಹಿರಿಯರು ಬೇಕಾಗಿದ್ದಾರೆ. ಅದಕ್ಕೆ ಆಟವಾಡಲು ಬರಬೇಕಾದುದಿಲ್ಲ, “ಯಾವ ಊರ್ರೀ?” ಎಂದು ಕೇಳಲು ಬಂದರೆ ಸಾಕು.