ಏಳುಕೋಟಿ ಒಡೆಯನ ದೇವರಗುಡ್ಡ

ಹುಬ್ಬಳ್ಳಿ–ದಾವಣಗೆರೆ ರೈಲು ಮಾರ್ಗದಲ್ಲಿ ಬ್ಯಾಡಗಿಗೂ ರಾಣೇಬೆನ್ನೂರಿಗೂ ನಡುವೆ ದೇವರಗುಡ್ಡ ಎಂಬ ಪುಟ್ಟ ನಿಲ್ದಾಣವಿದೆ. ರಾಣೇಬೆನ್ನೂರು ತಾಲ್ಲೂಕಿನ ಈ ಗುಡ್ಡ ಮಾಲತೇಶ ಸ್ವಾಮಿಯ ನೆಲೆ. ಮಣಿ, ಮಲ್ಲಾಸುರರನ್ನು ಸಂಹರಿಸಲು ಶಿವನೇ ಏಳು ಕೋಟಿ ದಂಡು ಕಟ್ಟಿಕೊಂಡು ಬಂದನೆಂಬುದು ಭಕ್ತರ ನಂಬಿಕೆ. ಅದಕ್ಕೇ ಹಣೆ ತುಂಬ ಭಂಡಾರದ ಅರಿಶಿನ ಬಳಿದು ಗುಡ್ಡ ಹತ್ತುವವರು ಇಂದಿಗೂ ‘ಏಳುಕೋಟಿ ಏಳುಕೋಟಿಗೋ’ ಎಂದು ಕೂಗುತ್ತಾರೆ.

ಈ ದೇವರನ್ನು ಊರೂರಿಗೆ ಹೊತ್ತು ತಿರುಗುವವರು ಗೊರವಯ್ಯಗಳು. ಕರಿ ಕಂಬಳಿಯ ನಿಲುವಂಗಿ, ತಲೆಗೆ ಕರಡಿ ಕೂದಲಿನ ಕುಲಾವಿ, ಕೈಯಲ್ಲಿ ಡಮರುಗ, ಕೊರಳಲ್ಲಿ ಕವಡೆ ಸರ. ಭಕ್ತರು ಹರಕೆ ತೀರಿಸಲು ಅವರ ದೋಣಿ ಎಂಬ ಪಾತ್ರೆಗೆ ಹಾಲು, ತುಪ್ಪ, ಬಾಳೆಹಣ್ಣು, ಸಕ್ಕರೆ ಸುರಿಯುತ್ತಾರೆ. ಗೊರವಯ್ಯಗಳು ಸ್ವಾಮಿಯ ನಾಯಿಗಳಾಗಿ ಬೊಗಳುತ್ತ, ಕೈ ಸೋಕಿಸದೆ ಬಾಯಿಂದಲೇ ಅದನ್ನು ಉಣ್ಣುತ್ತಾರೆ. ದೇವರ ಮನೆಬಾಗಿಲ ನಾಯಿ ಎನಿಸಿಕೊಳ್ಳುವುದೇ ಇಲ್ಲಿ ದೊಡ್ಡ ಮರ್ಯಾದೆ.

ಗುಡ್ಡ ತುಂಬಿ ತುಳುಕುವುದು ದಸರೆಯ ಕಾರ್ಣಿಕಕ್ಕೆ, ಅಂದರೆ ದೈವವಾಣಿಗೆ. ಉಪವಾಸ ವ್ರತದಲ್ಲಿರುವ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಗರ್ಜಿಸಿದರೆ ಸಾವಿರಾರು ಜನರ ಗದ್ದಲ ಒಮ್ಮೆಗೇ ನಿಲ್ಲುತ್ತದೆ. ಒಂದೇ ಒಂದು ಮಾತು ನುಡಿದು ಅವನು ಕೆಳಗೆ ಬೀಳುತ್ತಾನೆ, ನಿಂತವರು ಹಿಡಿದುಕೊಳ್ಳುತ್ತಾರೆ. ಆ ಮಾತಿನಲ್ಲಿ ರೈತ ಮಳೆ-ಬೆಳೆ ಹುಡುಕುತ್ತಾನೆ, ವರ್ತಕ ಧಾರಣೆ ಹುಡುಕುತ್ತಾನೆ, ರಾಜಕಾರಣಿ ಕುರ್ಚಿ ಹುಡುಕುತ್ತಾನೆ. ತುಂಗಭದ್ರೆಯ ಆಚೆ ದಂಡೆಯ ಮೈಲಾರದಲ್ಲಿ ಇಂಥದೇ ಕಾರ್ಣಿಕ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ನಡೆಯುತ್ತದೆ.

ಗೊರವರಲ್ಲಿ ಕುರುಬರೇ ಹೆಚ್ಚಾದರೂ, ದೇವರಗುಡ್ಡದಲ್ಲಿ ಮಾಲತೇಶನೆನಿಸಿದ ಮೈಲಾರಲಿಂಗ ಒಂದು ಜಾತಿಗೆ, ಒಂದು ಭಾಷೆಗೆ ಕಟ್ಟುಬಿದ್ದ ದೇವರಲ್ಲ. ಲಿಂಗಾಯತರಿಗೂ ಬ್ರಾಹ್ಮಣರಿಗೂ ಇವನು ಮನೆದೇವರು. ತೆಲುಗರ ಮಲ್ಲನ್ನ, ಮರಾಠಿಗರ ಖಂಡೋಬ ಇವನೇ. ಪುಣೆ ಜಿಲ್ಲೆಯ ಜೆಜುರಿಯ ಗುಡ್ಡದ ಮೇಲೆ ಭಂಡಾರ ತೂರುವವರಲ್ಲಿ ಮುಸ್ಲಿಮರೂ ಇದ್ದಾರೆ. ಅವರ ಬಾಯಲ್ಲಿ ಇವನು ಮಲ್ಲೂ ಖಾನ.

ದೇವರಗುಡ್ಡವಿರುವ ಹಾವೇರಿ ಜಿಲ್ಲೆಗೆ ಈ ಕೂಡುಬಾಳ್ವೆ ಹೊಸದಲ್ಲ. ಶಿಗ್ಗಾವಿ ಸೀಮೆಯ ಶಿಶುನಾಳದಲ್ಲಿ ಹುಟ್ಟಿದ ಸಂತಕವಿ ಷರೀಫರು (1819–1889) ಕಳಸದ ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿದವರು. ಷರೀಫರ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ಇಂದಿಗೂ ನಡೆದುಕೊಳ್ಳುತ್ತಾರೆ. ಒಬ್ಬರ ಪದ್ಧತಿಯನ್ನು ಇನ್ನೊಬ್ಬರು ಅಳಿಸದೆ, ತಂತಮ್ಮ ರೀತಿಯಲ್ಲಿ ಕೈಮುಗಿಯಲು ಜಾಗ ಬಿಟ್ಟುಕೊಟ್ಟದ್ದೇ ಈ ನೆಲದ ದೊಡ್ಡತನ.

ಆ ಜಾಗವನ್ನು ಕಿರಿದಾಗದಂತೆ ಕಾಯುವುದು ಈಗ ನಮ್ಮ ಪಾಲಿನ ಸೇವೆ. ದಸರೆಗೆ ಒಮ್ಮೆ ದೇವರಗುಡ್ಡಕ್ಕೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದೊಯ್ಯಿರಿ, ಪಕ್ಕದಲ್ಲಿ ನಿಂತವರ ಕುಲ ಕೇಳದೆ ಜನ ಒಟ್ಟಿಗೆ ಕಾರ್ಣಿಕಕ್ಕೆ ಕಿವಿಗೊಡುವುದನ್ನು ಅವರು ಕಣ್ಣಾರೆ ನೋಡಲಿ.